ಮಾಮನಿಗೊಂದು ಕಾಗದ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಮನೆಗಳಿಗೆ ಒಂದು ಕಾಲದಲ್ಲಿ ಬಂಧುಗಳ ಕ್ಷೇಮಸಮಾಚಾರವನ್ನು ಹೊತ್ತುತರುತ್ತಿದ್ದ ಅಂಚೆಯ ಕಾರ್ಡನ್ನು, ಮೂರನೆಯ ನಾಲ್ಕನೆಯ ಇಯತ್ತೆಯ ಮಕ್ಕಳ ಕೈಗೆ ನಾವು ಮತ್ತೊಮ್ಮೆ ಕೊಡಬೇಕು.

ಸವಣೂರಿನ ಬಾಲಕನೊಬ್ಬನು ಹಿರೇಕೆರೂರಿನ ಸೋದರಮಾವನಿಗೆ ಬರೆಯುತ್ತಿರುವನೆಂದು ಭಾವಿಸೋಣ. ಮೇಲೆ ಬಲಗಡೆಗೆ ಊರು, ದಿನಾಂಕ. ಕೆಳಗೆ ‘ತೀರ್ಥರೂಪ ಸಮಾನರಾದ ಮಾಮನವರಿಗೆ ಸಾಷ್ಟಾಂಗ ನಮಸ್ಕಾರಗಳು’. ಅನಂತರ ‘ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’. ಇಷ್ಟನ್ನು ಹಿರಿಯರು ಹೇಳಿಕೊಡಲಿ. ಮುಂದಿನದನ್ನು ಮಾತ್ರ ಎಂದಿಗೂ ಹೇಳಿ ಬರೆಯಿಸಲಾಗದು, ಏಕೆಂದರೆ ಪತ್ರದ ಪ್ರಾಣವಿರುವುದು ಅಲ್ಲಿಯೇ. “ಮಾಮ ಈಗ ಎದುರಿಗೆ ಕೂತಿದ್ದರೆ ಮೊದಲು ಏನು ಹೇಳುತ್ತಿದ್ದೆ?” ಎಂದು ಕೇಳಿ ಸುಮ್ಮನಿರಿ. ತನ್ನೂರಿನ ದೊಡ್ಡಹುಣಸೆ ಮಠದ ಮಹಾವೃಕ್ಷವೊಂದನ್ನು ಗೆಳೆಯರೊಡನೆ ಕೈಕೈ ಹಿಡಿದು ತಬ್ಬಹೋಗಿ, ಸುತ್ತು ಪೂರ್ತಿಯಾಗದೆ ಎಲ್ಲರೂ ನಕ್ಕುದನ್ನು ಅವನು ಹೇಳಿದರೆ, ಅದನ್ನೇ, ಅದೇ ಮಾತಿನಲ್ಲಿ ಬರೆಯಲಿ. ಆಗಲೇ ಕಾಗುಣಿತವನ್ನು ಕೆಂಪುಮಸಿಯಿಂದ ತಿದ್ದಹೊರಟರೆ ಮಾತು ಅಲ್ಲಿಗೇ ನಿಂತುಹೋಗುವುದೆಂಬುದು ನನ್ನ ದೃಢವಾದ ನಂಬಿಕೆ.

ಮಾಮನು ಮರುಟಪಾಲಿನಲ್ಲಿ ಉತ್ತರಿಸಲೇಬೇಕಾದಂತಹ ಪ್ರಶ್ನೆಯೊಂದು ಕೊನೆಗಿರಲಿ. ‘ಇಂತಿ ನಿಮ್ಮ ಪ್ರೀತಿಯ ಅಳಿಯ’ ಎಂದು ಸಹಿ. ವಿಳಾಸದ ಕಡೆಯಲ್ಲಿ, 1972ರಿಂದ ಬಳಕೆಗೆ ಬಂದ ಪಿನ್ ಸಂಖ್ಯೆ: ಹಿರೇಕೆರೂರಿಗೆ 581111, ಚೌಕಕ್ಕೊಂದು ಅಂಕೆ. ಅಂಚೆಪೆಟ್ಟಿಗೆಗೆ ಕಾರ್ಡನ್ನು ಅವನೇ ಹಾಕಲಿ.