ಎಷ್ಟನೇ ರಕಅತ್‌ನಲ್ಲಿದ್ದೇವೆ?

ತೀರ್ಥಹಳ್ಳಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಹಿರಿಯರೊಬ್ಬರಿದ್ದಾರೆ. ಊರಿನ ನಮ್ಮವರಿಗೆಲ್ಲ ಅವರು 'ಕಾಕ'. ಮಳೆಗಾಲದ ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಸುಲೈಮಾನಿ ಕುಡಿಯುತ್ತ ಕೂತಿದ್ದೆವು. ಮಾತಿನ ಮಧ್ಯೆ ಕಾಕ ಹೇಳಿದರು:

"ನಿನ್ನೆ ಮನೇಲಿ ಒಬ್ಬನೇ ಇಶಾ ನಮಾಝ್ ಮಾಡ್ತಿದ್ದೆ. ಮೂರನೇ ರಕಅತೋ ನಾಲ್ಕನೆಯದ್ದೋ ಮರೆತೇ ಹೋಯ್ತು ಮಾರಾಯ್ರೆ. ಆದ್ರೆ ರಾಶಿ ಅಡಿಕೆ ರೇಟು ಕೇಳಿ, ನಾಲ್ಕು ದಿನದ್ದೂ ಬಾಯಿಪಾಠ!"

ನಾವು ನಕ್ಕೆವು. ಅವರೂ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ಐವತ್ತು ವರ್ಷದಿಂದ ನಮಾಝ್ ಮಾಡ್ತಿದ್ದೇನೆ. ಅದರಲ್ಲಿ ಎಷ್ಟು ನಮಾಝ್‌ನಲ್ಲಿ ನಾನು ನಿಜವಾಗಿ ಅಲ್ಲಿದ್ದೆ?" ಎಂದರು. ಈ ಸಲ ಯಾರೂ ನಗಲಿಲ್ಲ. ಆ ಪ್ರಶ್ನೆ ನಮ್ಮ ಜೊತೆಗೇ ಹೊಸನಗರಕ್ಕೂ ಸಾಗರಕ್ಕೂ ಬಂತು.

ನಾಳೆಯಲ್ಲಿ ಬದುಕುವವರು

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿದ್ದು ವ್ಯಾಪಾರಕ್ಕೆ. 'ಬ್ಯಾರಿ' ಎಂಬ ಹೆಸರಿಗೂ ವ್ಯಾಪಾರಕ್ಕೂ ನಂಟಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ವ್ಯಾಪಾರಿಯ ಮನಸ್ಸು ನಾಳೆಯ ಲೆಕ್ಕ ಹಾಕಲೇಬೇಕು. ಅದು ತಪ್ಪಲ್ಲ. ಹಾಕಿದ ಲೆಕ್ಕವನ್ನೇ ರಾತ್ರಿಯಿಡೀ ಮತ್ತೆ ಮತ್ತೆ ಹಾಕುವುದು ಕಷ್ಟ.

ತೀರ್ಥಹಳ್ಳಿ, ಹೊಸನಗರದ ತೋಟಗಳಿಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದಿದೆ. ಕೊಳೆರೋಗವಂತೂ ಹಳೆಯದು. ಮಳೆ ಬಿಡುವು ಕೊಟ್ಟ ದಿನವೇ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಇಷ್ಟು ನಮ್ಮ ಕೈಯಲ್ಲಿದೆ. ಮಳೆ ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆಯೂ ಇಲ್ಲ. ಕಾಕ ಹೇಳುವ ಹಾಗೆ, "ರೇಟು ಇಳಿದ್ರೆ ನಿದ್ದೆ ಬರೋದಿಲ್ಲ ಸರಿ. ಏರಿದ್ರೂ ಬರೋದಿಲ್ಲ. ಇವತ್ತೇ ಮಾರಬೇಕಾ, ನಾಳೆ ಇನ್ನೂ ಏರ್ತದಾ ಅಂತ." ಹಾಗಾದರೆ ನೆಮ್ಮದಿ ರೇಟಿನಲ್ಲಿ ಇಲ್ಲ ಎಂದಾಯಿತಲ್ಲ?

ನಿನ್ನೆಯಲ್ಲಿ ಉಳಿದವರು

ಸಾಗರದ ಕಡೆ ಹೋದರೆ ಕಥೆ ಬೇರೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಜಲಾಶಯದ ಪೂರ್ಣಮಟ್ಟ 1,819 ಅಡಿ. ಆ ನೀರಿನ ಕೆಳಗೆ ಊರು, ಗದ್ದೆ, ತೋಟ, ದಾರಿ ಎಲ್ಲ ಇವೆ. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿಹೋಗಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ.

ಹಿನ್ನೀರಿನ ದಂಡೆಯಲ್ಲಿ ನಮ್ಮ ಜೊತೆ ನಿಂತಿದ್ದ ಹಿರಿಯರೊಬ್ಬರು ಕೈ ತೋರಿಸಿ ಹೇಳಿದರು: "ನಮ್ಮ ಅಂಗಡಿ ಅಲ್ಲಿತ್ತು. ಆಚೆ ಬಂದು ಮನೆ ಕಟ್ಟಿದ್ರೂ ಉಪ್ಪ ಸಾಯುವವರೆಗೆ ಆ ನೀರಿನ ಅಡಿಯ ಮನೇಲೇ ಇದ್ರು. ನಾವು ಮಕ್ಕಳು ಓದಿದ್ದು, ಮದುವೆಯಾದದ್ದು ಯಾವುದೂ ಅವರಿಗೆ ಸರಿಯಾಗಿ ಕಾಣ್ಲೇ ಇಲ್ಲ."

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. 'ಹಿಂದಿನದ್ದು ಮರೆತುಬಿಡಿ, ಖುಷಿಯಾಗಿರಿ' ಎಂದು ಅವರಿಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಹಕ್ಕು ಕೇಳುವುದು ಇವತ್ತಿನ ಕೆಲಸ. ಅದಕ್ಕೆ ಕಾಗದ ಬೇಕು, ಕಚೇರಿಗೆ ಅಲೆಯಬೇಕು, ಅಲೆಯೋಣ. ಆದರೆ ಕಳೆದುಹೋದದ್ದರ ಒಳಗೇ ವಾಸ ಮಾಡಿದರೆ, ಉಳಿದದ್ದೂ ಕೈಬಿಡುತ್ತದೆ. ಆ ಉಪ್ಪನಿಗೆ ನೀರು ಮನೆಯನ್ನು ಕಸಿದಿತ್ತು. ಮಕ್ಕಳ ಬಾಲ್ಯವನ್ನು ಕಸಿದದ್ದು ನೀರಲ್ಲ.

ಬೇರೆಲ್ಲೋ ಇರುವವರು

ಹೊಸನಗರದಲ್ಲಿ ನಾವು ಮಾತಾಡಿಸಿದ್ದು ಒಬ್ಬ ತಂಗಿಯನ್ನು. ಗಂಡ ಗಲ್ಫಿನಲ್ಲಿದ್ದಾರೆ. ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮಳೆ ಜೋರಾದರೆ ಕರೆಂಟು ಇಲ್ಲ, ನೆಟ್‌ವರ್ಕೂ ಇಲ್ಲ. "ಫೋನು ಬಾರದಿದ್ರೆ ಏನಾಯ್ತೋ ಅಂತ ಹೆದರಿಕೆ. ಬಂದ್ರೆ ಯಾವಾಗ ಇಡ್ತಾರೋ ಅಂತ ಬೇಜಾರು. ಅನ್ನ ಬಡಿಸುವಾಗಲೂ ನನ್ನ ಅರ್ಧ ಜೀವ ಅಲ್ಲಿ" ಎಂದರು. ಅಲ್ಲಿ ದುಡಿಯುವ ಗಂಡನದ್ದೂ ಇದೇ ಪಾಡು ಇರಬೇಕು. ಅವನ ಅರ್ಧ ಜೀವ ಇಲ್ಲಿ.

ಮೂರು ತಾಲೂಕು, ಮೂವರು. ಒಬ್ಬರು ನಾಳೆಗೆ ಓಡಿದ್ದಾರೆ, ಒಬ್ಬರು ನಿನ್ನೆಯಲ್ಲೇ ನಿಂತರು, ಒಬ್ಬರು ಸಮುದ್ರದಾಚೆ ಇದ್ದಾರೆ. 'ಇಲ್ಲಿ, ಈಗ' ಎಂಬ ಜಾಗ ಮಾತ್ರ ಖಾಲಿ.

ಮಾತು ನಿಂತುಹೋದ ಪಂಡಿತ

ಇದು ನಮ್ಮ ಕಾಲದ ಕಾಯಿಲೆ ಮಾತ್ರವಲ್ಲ. ಇಮಾಂ ಗಝ್ಝಾಲಿಯವರ (1058–1111) ಹೆಸರು ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? 1091ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯ ವಿದ್ಯಾಲಯದ ಮುಖ್ಯ ಗುರುಗಳಾದರು. ಅಷ್ಟು ದೊಡ್ಡ ಸ್ಥಾನ, ಅಷ್ಟು ಶಿಷ್ಯರು. ಆದರೆ 1095ರಲ್ಲಿ ಒಂದು ದಿನ ಪಾಠ ಮಾಡಲು ನಾಲಿಗೆಯೇ ಹೊರಳಲಿಲ್ಲ. ಊಟ ಸೇರುತ್ತಿರಲಿಲ್ಲ. ಕಾಯಿಲೆ ಮನಸ್ಸಿನಿಂದ ಇಳಿದು ದೇಹಕ್ಕೆ ಬಂದಿದೆ ಎಂದು ವೈದ್ಯರು ಹೇಳಿದ್ದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ತಾನು ಕಲಿಸುತ್ತಿರುವುದು ದೇವನಿಗಾಗಿಯೋ, ಹೆಸರಿಗಾಗಿಯೋ ಎಂಬ ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಕೊನೆಗೆ ಹುದ್ದೆ ಬಿಟ್ಟು ದಮಸ್ಕಸ್, ಜೆರುಸಲೇಂ, ಮಕ್ಕಾ ಎಂದು ವರ್ಷಗಟ್ಟಲೆ ಅಲೆದರು, ಏಕಾಂತದಲ್ಲಿ ಕೂತರು.

ಆಮೇಲೆ ಅವರು ಪಾರ್ಸಿಯಲ್ಲಿ ಬರೆದ ಪುಸ್ತಕವೇ 'ಕೀಮಿಯಾಯೆ ಸಆದತ್', ಅಂದರೆ ಸೌಭಾಗ್ಯದ ರಸವಿದ್ಯೆ. ಸುಖದ ಬಗ್ಗೆ ಬರೆದ ಆ ಪುಸ್ತಕ ಶುರುವಾಗುವುದು ಹಣದಿಂದಲ್ಲ, ಆರೋಗ್ಯದಿಂದಲೂ ಅಲ್ಲ, ನಿನ್ನನ್ನು ನೀನು ತಿಳಿ ಎಂಬಲ್ಲಿಂದ. ಅವರಿಗಿಂತ ಎರಡು ಶತಮಾನ ಹಿಂದಿನ ಹಾರಿಸ್ ಅಲ್ ಮುಹಾಸಿಬಿಯವರಿಗೆ ಆ ಹೆಸರು ಬಂದದ್ದೇ 'ಮುಹಾಸಬ'ದಿಂದ, ಅಂದರೆ ತನ್ನ ಲೆಕ್ಕ ತಾನೇ ನೋಡುವುದರಿಂದ. ಅಂಗಡಿಯ ಲೆಕ್ಕ ರಾತ್ರಿ ನೋಡದೆ ಬಾಗಿಲು ಹಾಕುವ ಬ್ಯಾರಿ ಇದ್ದಾರೆಯೇ? ಮನಸ್ಸಿನ ಲೆಕ್ಕ ಮಾತ್ರ ವರ್ಷಗಟ್ಟಲೆ ಬಾಕಿ!

ಸೂಫಿಗಳು ಹೇಳಿದ 'ಮುರಾಖಬ' ಕೂಡ ಇದೇ ದಾರಿಯದ್ದು. ಸುಮ್ಮನೆ ಕೂತು ಮನಸ್ಸನ್ನು ಕಾಯುವುದು. ನೆರೆಯವರು ಅದನ್ನು ಧ್ಯಾನ ಎನ್ನುತ್ತಾರೆ. ಇದೇ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ, ಮನೆಯ ಹಿಂದಿನ ಕವಿಶೈಲದ ಬಂಡೆಯ ಮೇಲೆ ಕುವೆಂಪು ಗಂಟೆಗಟ್ಟಲೆ ಸೂರ್ಯಾಸ್ತ ನೋಡುತ್ತ ಕೂರುತ್ತಿದ್ದರು. ದಾರಿಗಳು ಬೇರೆ ಇರಬಹುದು. ಸುಮ್ಮನೆ ಕೂರಲು ಕಲಿಯಬೇಕು ಎಂಬುದು ಎಲ್ಲರಿಗೂ ಒಂದೇ.

ಈಗಿನವರ ಲೆಕ್ಕ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಮಂದಿಯ ಫೋನಿಗೆ ಹಗಲಿನಲ್ಲಿ ಯಾವಾಗಲೋ ಪ್ರಶ್ನೆ ಕಳಿಸುವುದು: ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯೇ? ಸಂತೋಷವಾಗಿದ್ದೀರಾ? ಉತ್ತರ ಕೂಡಿಸಿ ನೋಡಿದರೆ ಶೇ. 46.9ರಷ್ಟು ಸಲ ಮನಸ್ಸು ಮಾಡುವ ಕೆಲಸದಲ್ಲಿರಲಿಲ್ಲ. ಹಾಗೆ ಅಲೆಯುವಾಗ ಜನ ಕಡಿಮೆ ಸಂತೋಷದಲ್ಲಿದ್ದರು. ಹಿತವಾದ ವಿಷಯ ಯೋಚಿಸುತ್ತಿದ್ದವರೂ ಕೈಯಲ್ಲಿದ್ದ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಸುಖಿಗಳೇನೂ ಆಗಿರಲಿಲ್ಲ. ಅಂದರೆ ಕಾಕನ ಇಶಾ ನಮಾಝಿನ ಕಥೆ ಎಲ್ಲ ದೇಶದ್ದೂ ಹೌದು.

ಹಾಗಾದರೆ ಏನು ಮಾಡೋಣ? ಗುಡ್ಡ ಹತ್ತಬೇಕಿಲ್ಲ, ದುಡ್ಡು ಕೊಟ್ಟು ಶಿಬಿರಕ್ಕೂ ಹೋಗಬೇಕಿಲ್ಲ. ವುಝೂ ಮಾಡುವಾಗ ನೀರಿನ ತಣ್ಪು ಕೈಗೆ ಗೊತ್ತಾಗಲಿ. ಸುಬಹ್ ನಮಾಝ್ ಮುಗಿದ ಮೇಲೆ ಹತ್ತು ನಿಮಿಷ ಫೋನು ಮುಟ್ಟದೆ ಅಲ್ಲೇ ಕೂರೋಣ. ಉಸಿರು ಬರುವುದು, ಹೋಗುವುದು ತಿಳಿಯಲಿ, ಝಿಕ್ರ್ ಮಾಡುವವರು ಮಾಡಲಿ. ಮನಸ್ಸು ಓಡಿಹೋಗುತ್ತದೆ. ಬೈಯಬೇಡಿ, ಕರೆದು ತನ್ನಿ. ಮತ್ತೆ ಓಡಿದರೆ ಮತ್ತೆ ಕರೆಯಿರಿ. ರಾತ್ರಿ ಮಲಗುವ ಮೊದಲು ಮೂರು ಪ್ರಶ್ನೆ: ಇವತ್ತು ಯಾವುದಕ್ಕೆ ಸಿಟ್ಟು ಬಂತು? ಯಾವುದಕ್ಕೆ ಹೆದರಿದೆ? ಯಾರ ಮಾತನ್ನು ಪೂರ್ತಿ ಕೇಳಿದೆ? ಒಂದು ತಿಂಗಳು ಕೇಳಿಕೊಂಡರೆ ನಮ್ಮ ಗುಟ್ಟು ನಮಗೇ ತಿಳಿಯುತ್ತದೆ.

ಹೊಸನಗರದ ಆ ತಂಗಿ ಒಂದು ಉಪಾಯ ಕಂಡುಕೊಂಡಿದ್ದಾರೆ. ಮಕ್ಕಳಿಗೆ ಬಡಿಸುವಾಗ ಫೋನು ಅಕ್ಕಿ ಡಬ್ಬದ ಮೇಲೆ, ಕೈಗೆಟುಕದಷ್ಟು ಎತ್ತರದಲ್ಲಿ. "ಚಿಂತೆ ಹೋಗಿಲ್ಲ. ಆದ್ರೆ ಚಿಕ್ಕವನಿಗೆ ಹಲ್ಲು ಅಲ್ಲಾಡ್ತಿದೆ ಅಂತ ಆವತ್ತೇ ನನಗೆ ಗೊತ್ತಾದದ್ದು" ಎಂದು ನಕ್ಕರು.

ಇನ್ನೊಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದೂ ಬೇಡ, ಬದುಕೇ ಬೇಡ ಎನಿಸಿದರೆ ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವ ಹಾಗೆ ಇದಕ್ಕೂ ವೈದ್ಯರ ಬಳಿ ಹೋಗಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಮನೆಯವರು 'ಜನ ಏನೆಂದಾರು' ಎಂದು ಮುಚ್ಚಿಡಬೇಡಿ.

ನಮ್ಮದೂ ಒಂದು ಲೆಕ್ಕ

ಇಷ್ಟೆಲ್ಲ ಬರೆದ ಮೇಲೆ ನಮ್ಮ ಲೆಕ್ಕವನ್ನೂ ಹೇಳಬೇಕು. ನಮ್ಮ ಉಮ್ಮನ ಕೊನೆಯ ರಮಝಾನ್ ಅದು. ಮಂಚದ ಪಕ್ಕ ಕೂತಿದ್ದೆವು, ಕೈಯಲ್ಲಿ ಫೋನು. ಉಮ್ಮ ತನ್ನ ಸಣ್ಣಂದಿನ ಕಥೆ ಹೇಳುತ್ತಿದ್ದರು, ನಾವು 'ಹ್ಞೂಂ' ಎನ್ನುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅವರು ಮಾತು ನಿಲ್ಲಿಸಿ, "ನೀನಿಲ್ಲಿ ಇಲ್ಲ ಅಲ್ವಾ ಮೋನೇ?" ಎಂದರು. ಬೇಸರದಿಂದಲ್ಲ, ಮೆತ್ತಗೆ. ಪೆರ್ನಾಲ್ ಕಳೆದು ಹತ್ತು ದಿನಕ್ಕೆ ಹೋಗಿಬಿಟ್ಟರು. ಆ ಕಥೆಯ ಉಳಿದರ್ಧ ಏನಿತ್ತೋ, ಈಗ ಕೇಳೋಣವೆಂದರೆ ಹೇಳುವವರಿಲ್ಲ. ಆವತ್ತು ಫೋನಿನಲ್ಲಿ ಏನು ನೋಡುತ್ತಿದ್ದೆವು ಎಂಬುದೂ ನೆನಪಿಲ್ಲ.

ತೀರ್ಥಹಳ್ಳಿಯಿಂದ ಹೊರಡುವ ಮುಂಚೆ ಕಾಕನನ್ನು ಕೇಳಿದ್ದೆವು, "ಆಮೇಲೆ ಏನು ಮಾಡಿದ್ರಿ, ರಕಅತ್ ಮರೆತಾಗ?"

"ಏನು ಮಾಡೋದು, ಮದ್ರಸದಲ್ಲಿ ಕಲಿಸಿದ್ದೇ. ಸಂಶಯ ಬಂದ್ರೆ ಕಡಿಮೆ ಇರುವ ಲೆಕ್ಕ ಹಿಡೀಬೇಕು. ಮೂರು ಅಂತ ಹಿಡಿದು ಇನ್ನೊಂದು ರಕಅತ್ ಮಾಡಿದೆ. ಸಲಾಂಗೆ ಮೊದಲು ಸಹ್‌ವಿನ ಎರಡು ಸುಜೂದ್ ಮಾಡಿದೆ. ಮುಗೀತು."

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆವು. ಮನುಷ್ಯನ ಮನಸ್ಸು ಅಲೆಯುತ್ತದೆ ಎಂದು ಒಪ್ಪಿಕೊಂಡೇ ಮಾಡಿದ ನಿಯಮ ಅದು. ಮರೆತವನನ್ನು ಹೊರಗೆ ಹಾಕುವುದಿಲ್ಲ. ಎಲ್ಲಿ ಗಟ್ಟಿಯಾಗಿ ಗೊತ್ತಿದೆಯೋ ಅಲ್ಲಿಂದ ಮುಂದುವರಿಸು, ತಪ್ಪಿಗೆ ತಲೆಬಾಗು ಎನ್ನುತ್ತದೆ, ಅಷ್ಟೇ. ಬದುಕಿನಲ್ಲೂ ನಮಗೆ ಎಷ್ಟು ರಕಅತ್ ಕಳೆಯಿತು, ಎಷ್ಟು ಉಳಿದಿದೆ ಗೊತ್ತಿಲ್ಲ. ಈಗ ನಿಂತಿರುವ ಈ ಒಂದು ಮಾತ್ರ ಗೊತ್ತು. ಇಂದು ರಾತ್ರಿ ಊಟಕ್ಕೆ ಕೂತಾಗ ಫೋನು ಅಕ್ಕಿ ಡಬ್ಬದ ಮೇಲಿರಲಿ. ಎದುರಿಗೆ ಕೂತ ಉಮ್ಮನೋ ಉಪ್ಪನೋ ಏನಾದರೂ ಹೇಳಲು ಬಾಯಿ ತೆರೆದರೆ, ಕಥೆ ಮುಗಿಯುವವರೆಗೆ ಕೇಳೋಣ.