ವೇಗವೂ ಬೇಕು, ತುಂಡು ನೆಲವೂ ಸಾಕು!

ಕಾಡುಮೇಡುಗಳಲ್ಲಿ ಇಳಿಯುವ ವಿಮಾನಗಳದ್ದೇ ಒಂದು ಬೇರೆ ಜಾತಿ. ಮೈಲುದ್ದದ ಡಾಂಬರು ರನ್‌ವೇ, ಸಾಲುದೀಪ, ಕಂಟ್ರೋಲ್ ಟವರು ಯಾವುದೂ ಇವಕ್ಕೆ ಬೇಕಿಲ್ಲ. ಹೊಳೆಯ ಮರಳದಂಡೆಯೋ, ಹುಲ್ಲುಗಾವಲೋ, ಬೆಟ್ಟದ ಓರೆಯಲ್ಲಿ ಸಮ ಮಾಡಿದ ಒಂದು ತುಂಡು ನೆಲವೋ ಸಿಕ್ಕರೆ ಸಾಕು, ಇಳಿದುಬಿಡುತ್ತವೆ. ಅಲಾಸ್ಕ, ಕೆನಡಾದ ಉತ್ತರ ಭಾಗ, ಪಪುವಾ ನ್ಯೂಗಿನಿ, ನೇಪಾಳಗಳಂಥ ಕಡೆ ಔಷಧ, ಅಂಚೆ, ಅಕ್ಕಿಮೂಟೆ, ರೋಗಿ ಎಲ್ಲವನ್ನೂ ಹೊತ್ತು ತಿರುಗುವ ಇವಕ್ಕೆ ಬುಷ್ ಪ್ಲೇನ್ ಎಂದು ಹೆಸರು.

ಇಂಥ ವಿಮಾನವನ್ನು ಇಂದು ಮನೆಯ ಕಂಪ್ಯೂಟರಿನಲ್ಲೇ ಹಾರಿಸಬಹುದು. ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕನ್ ತರುಣ 1979ರಲ್ಲಿ ಆ್ಯಪಲ್ ಕಂಪ್ಯೂಟರಿಗಾಗಿ ಬರೆದ ಫ್ಲೈಟ್ ಸಿಮ್ಯುಲೇಟರಿನಲ್ಲಿ ನಾಲ್ಕು ಗೆರೆ ಎಳೆದು ಇದು ಬೆಟ್ಟ, ಇದು ಬಯಲು ಎಂದು ನಂಬಿಸಬೇಕಿತ್ತು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. ಅದೇ ವಂಶದ 2020 ಮತ್ತು 2024ರ ಆವೃತ್ತಿಗಳಲ್ಲಿ ಇಡೀ ಭೂಮಂಡಲವೇ ಇದೆ. ನಿಮ್ಮ ಊರಿನ ಕೆರೆಯನ್ನೂ ಹುಡುಕಿಕೊಳ್ಳಬಹುದು. ಎಕ್ಸ್-ಪ್ಲೇನ್ ಇದಕ್ಕೆ ಸಮನಾದ ಇನ್ನೊಂದು. ಹಣ ಕೊಡುವ ಮನಸ್ಸಿಲ್ಲದವರಿಗೆ ಫ್ಲೈಟ್‌ಗಿಯರ್ ಎಂಬುದು ಪೂರ್ತಿ ಉಚಿತ.

ಹೆಚ್ಚಿನ ಮಕ್ಕಳು ಮೊದಲು ಆರಿಸುವುದು ಜಂಬೋ ಜೆಟ್ಟನ್ನು. ಮೇಲೇರಿದ ಮೇಲೆ ಆಟೋಪೈಲಟ್ ಒತ್ತಿ ಕೂತರಾಯಿತು, ಅದರ ಪಾಡಿಗೆ ಅದು ಹೋಗುತ್ತದೆ. ಹಿಂದಿನಿಂದ ನೋಡುವ ತಂದೆತಾಯಿಗೆ ಅದು ಮೋಡದ ಸಿನಿಮಾದಂತೆ ಕಂಡರೆ ತಪ್ಪೇನೂ ಇಲ್ಲ. ಬುಷ್ ಪ್ಲೇನಿನಲ್ಲಿ ಆ ಸುಖವಿಲ್ಲ. ಕೈ, ಕಾಲು, ಲೆಕ್ಕ ಮೂರೂ ದುಡಿಯಬೇಕು. ಆದ್ದರಿಂದಲೇ ಕಲಿಯುವವರಿಗೆ ಇದು ಜಂಬೋಗಿಂತ ಮೇಲು.

ಆದರೆ ಯಾವ ಬುಷ್ ಪ್ಲೇನ್? 'ಗಿಡ್ಡ ರನ್‌ವೇನಲ್ಲಿ ಇಳಿಯಬೇಕು, ಜೋರಾಗಿಯೂ ಹೋಗಬೇಕು' ಎಂದು ಹುಡುಗರು ಕೇಳುತ್ತಾರೆ. ಕೇಳುವುದಕ್ಕೆ ಸುಲಭ. ಈ ಎರಡು ಗುಣಗಳಿಗೆ ಮಾತ್ರ ಎಣ್ಣೆ-ಸೀಗೆಕಾಯಿ ಸಂಬಂಧ! ನಿಧಾನವಾಗಿ ಇಳಿಯಬೇಕಾದರೆ ರೆಕ್ಕೆ ಅಗಲವಾಗಿ, ದಪ್ಪವಾಗಿ ಇರಬೇಕು. ಅದೇ ರೆಕ್ಕೆ ಮೇಲೆ ಹೋದಾಗ ಗಾಳಿಗೆ ಅಡ್ಡಬಂದು ವೇಗವನ್ನು ತಿನ್ನುತ್ತದೆ. ದೊಡ್ಡ ಚಕ್ರ, ಊರೆಗಾಲಿನಂಥ ಗಟ್ಟಿ ಕಂಬಗಳೂ ಅಷ್ಟೆ.

ನಿಧಾನವಾಗಿ ಇಳಿಯುವುದಕ್ಕೆ ಯಾಕಿಷ್ಟು ಬೆಲೆ ಎಂಬುದಕ್ಕೆ ಹೈಸ್ಕೂಲಿನ ಭೌತಶಾಸ್ತ್ರದ ಸೂತ್ರವೇ ಸಾಕು. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಂಟೆಗೆ 70 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನಕ್ಕೆ ಬ್ರೇಕ್ ಹಾಕಿದಾಗ ಸೆಕೆಂಡಿಗೆ 3 ಮೀಟರಿನಂತೆ ವೇಗ ತಗ್ಗುತ್ತದೆ ಎಂದಿಟ್ಟುಕೊಳ್ಳಿ. ಸುಮಾರು 63 ಮೀಟರಿಗೆ ಅದು ನಿಲ್ಲುತ್ತದೆ. ವೇಗ 100 ಕಿ.ಮೀ. ಆದರೆ 129 ಮೀಟರು ಬೇಕು. ವೇಗ ಒಂದೂವರೆ ಪಟ್ಟೂ ಆಗಿಲ್ಲ, ದೂರ ಎರಡರಷ್ಟಾಯಿತು!

ಈ ಲೆಕ್ಕವನ್ನು ನೇಪಾಳದ ಲುಕ್ಲಾಕ್ಕೆ ಒಯ್ಯೋಣ. ಎವರೆಸ್ಟಿನ ಕಡೆಗೆ ಹೋಗುವವರು ಇಳಿಯುವ ಈ ನಿಲ್ದಾಣವನ್ನು 1964ರಲ್ಲಿ ಎಡ್ಮಂಡ್ ಹಿಲರಿ ಕಟ್ಟಿಸಿದರು; 2008ರಿಂದ ಅದಕ್ಕೆ ತೇನ್‌ಸಿಂಗ್-ಹಿಲರಿ ಎಂದು ಹೆಸರು. ರನ್‌ವೇ ಉದ್ದ 527 ಮೀಟರು, ಸಮುದ್ರಮಟ್ಟದಿಂದ ಎತ್ತರ ಸುಮಾರು 2,845 ಮೀಟರು. ಅಲ್ಲಿ ಗಾಳಿಯ ಸಾಂದ್ರತೆ ಕೆಳಗಿನದರ ಮುಕ್ಕಾಲು ಪಾಲು ಮಾತ್ರ. ಅಷ್ಟೇ ಭಾರವನ್ನು ತೆಳುವಾದ ಗಾಳಿ ಹೊರಬೇಕಾದರೆ ವಿಮಾನ ಶೇಕಡ 15ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ಕೆಳಗೆ 100 ಕಿ.ಮೀ.ನಲ್ಲಿ ನೆಲ ಮುಟ್ಟುತ್ತಿದ್ದದ್ದು ಇಲ್ಲಿ 115ರಲ್ಲಿ ಮುಟ್ಟುತ್ತದೆ. ವೇಗಸೂಚಕ ಮಾತ್ರ ಎಂದಿನಂತೆ 100 ಎಂದೇ ತೋರಿಸುತ್ತಿರುತ್ತದೆ! ನಿಲ್ಲಲು 129 ಮೀಟರಿನ ಬದಲು 170 ಮೀಟರು ಬೇಕಾಯಿತು.

ಆದರೆ ಲುಕ್ಲಾದ ರನ್‌ವೇ ಚಪ್ಪಟೆಯಾಗಿಲ್ಲ. ನೂರು ಮೀಟರಿಗೆ ಸುಮಾರು ಹನ್ನೆರಡು ಮೀಟರಿನಂತೆ ಏರಿದೆ. ಆ ಏರು ತಾನೇ ಒಂದು ಬ್ರೇಕ್. ಅದನ್ನು ಸೇರಿಸಿ ಲೆಕ್ಕ ಹಾಕಿದರೆ 170 ಮೀಟರು ಮತ್ತೆ 123ಕ್ಕೆ ಇಳಿಯುತ್ತದೆ. ಇಳಿಯುವವರು ಏರಿನ ದಿಕ್ಕಿಗೆ, ಹೊರಡುವವರು ಇಳಿಜಾರಿನ ದಿಕ್ಕಿಗೆ; ಅಲ್ಲಿನ ನಿಯಮ ಇಷ್ಟೇ. ಮೇಲ್ತುದಿಯಲ್ಲಿ ಬೆಟ್ಟದ ಗೋಡೆ, ಕೆಳತುದಿಯಲ್ಲಿ ಪ್ರಪಾತ. ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರೋಣ ಎನ್ನುವಂತಿಲ್ಲ.

ಇನ್ನು ವಿಮಾನಗಳ ಕಡೆ ಬರೋಣ. ಗಿಡ್ಡ ನೆಲದ ಹಳೆಯ ಗುರು ಪೈಪರ್ ಸೂಪರ್ ಕಬ್. 1949ರಿಂದ ಬಂದ ಈ ಎರಡು ಸೀಟಿನ ಬಟ್ಟೆ ಹೊದಿಕೆಯ ವಿಮಾನ ಗಂಟೆಗೆ 70 ಕಿ.ಮೀ. ವೇಗದಲ್ಲೂ ಗಾಳಿಯಲ್ಲಿ ತೇಲುತ್ತದೆ. ಅಲಾಸ್ಕದ ವಾಲ್ಡೀಸ್ ಎಂಬಲ್ಲಿ ಪ್ರತಿ ಮೇ ತಿಂಗಳಲ್ಲಿ ನಡೆಯುವ ಸ್ಪರ್ಧೆಯಲ್ಲಿ ಇದರ ಹಗುರ ತಳಿಗಳು ನೂರಡಿಯೊಳಗೆ ಹಾರಿ ನೂರಡಿಯೊಳಗೆ ಇಳಿಯುತ್ತವೆ. ಆದರೆ ಪಯಣದ ವೇಗ 180 ಕಿ.ಮೀ. ಸುಮಾರು.

ಕೆನಡಾದ ಡಿ ಹ್ಯಾವಿಲೆಂಡ್ ಬೀವರ್ 1947ರ ಆಗಸ್ಟಿನಲ್ಲಿ ಮೊದಲು ಹಾರಿತು. ಕಂಪನಿಯವರು ಕಾಡು ಪೈಲಟ್‌ಗಳನ್ನೇ ಕೇಳಿ ಇದನ್ನು ರೂಪಿಸಿದರು. ಇಷ್ಟೆಲ್ಲ ಬೇಕೆಂದರೆ ವಿಮಾನ ನಿಧಾನವಾದೀತಲ್ಲ ಎಂದಾಗ ಒಬ್ಬ ಪೈಲಟ್, ನಾಯಿ ಎಳೆಯುವ ಹಿಮಗಾಡಿಗಿಂತ ಜೋರಾಗಿ ಹೋದರೆ ಸಾಕು ಎಂದನಂತೆ! ಎಣ್ಣೆಯ ಡ್ರಮ್ ಉರುಳಿಸಿ ಒಳಗೆ ಹಾಕುವಷ್ಟು ಅಗಲ ಬಾಗಿಲು, 450 ಅಶ್ವಶಕ್ತಿಯ ಗುಂಡನೆಯ ಎಂಜಿನ್ನು. ಸಾವಿರದಾರುನೂರಕ್ಕೂ ಹೆಚ್ಚು ಬೀವರುಗಳು ತಯಾರಾದವು.

ಸ್ವಿಟ್ಜರ್ಲೆಂಡಿನ ಪಿಲಾಟಸ್ ಪೋರ್ಟರ್ ಹಿಮಾಲಯಕ್ಕೆ ಹಳೆಯ ನೆಂಟ. 1960ರಲ್ಲಿ ಧೌಲಾಗಿರಿ ಏರಲು ಬಂದ ಸ್ವಿಸ್ ತಂಡ 'ಯೇತಿ' ಎಂಬ ಪೋರ್ಟರನ್ನು 5,750 ಮೀಟರು ಎತ್ತರದ ಹಿಮದ ಮೇಲೆ ಇಳಿಸಿ ದಾಖಲೆ ಮಾಡಿತು. ಟರ್ಬೊಪ್ರಾಪ್ ಎಂಜಿನ್ನಿನ ಪೋರ್ಟರ್ ಸಮುದ್ರಮಟ್ಟದಲ್ಲಿ ಸುಮಾರು 200 ಮೀಟರು ಓಡಿದರೆ ಹಾರುತ್ತದೆ, 130 ಮೀಟರಿಗೆಲ್ಲ ನಿಲ್ಲುತ್ತದೆ. ವೇಗ? ಗಂಟೆಗೆ 230 ಕಿ.ಮೀ. ಅದೇ ಕಂಪನಿಯ ಪಿಸಿ-12 ಇದರ ಎರಡರಷ್ಟು ವೇಗದ್ದು, ಹುಲ್ಲಿನ ಮೇಲೂ ಇಳಿಯುತ್ತದೆ. ಆಸ್ಟ್ರೇಲಿಯಾದ ಹಾರುವ ವೈದ್ಯರು ಅದನ್ನು ಬಳಸುತ್ತಾರೆ. ಆದರೆ 50 ಅಡಿ ಎತ್ತರದ ಮರ ದಾಟಿ ಇಳಿದು ನಿಲ್ಲಲು ಅದಕ್ಕೆ ಸಮುದ್ರಮಟ್ಟದಲ್ಲೇ ಆರುನೂರು ಮೀಟರಿಗೂ ಹೆಚ್ಚು ಬೇಕು. ಲುಕ್ಲಾದಂಥ ಜಾಗಕ್ಕೆ ಅದು ಬೇಡ.

ಇವೆರಡರ ನಡುವೆ ನಿಲ್ಲುವುದು ಕೋಡಿಯಾಕ್ 100. ರಸ್ತೆಯಿಲ್ಲದ ಊರುಗಳಿಗೆ ಸೇವೆಗೆ ಹೋಗುವ ಮಿಷನರಿ ಪೈಲಟ್‌ಗಳನ್ನು ಮನಸ್ಸಿನಲ್ಲಿಟ್ಟು ಅಮೆರಿಕದ ಐಡಹೊ ರಾಜ್ಯದಲ್ಲಿ ಇದನ್ನು ಕಟ್ಟಿದರು. 2004ರಲ್ಲಿ ಮೊದಲ ಹಾರಾಟ, 2007ರಲ್ಲಿ ಸರಕಾರಿ ಒಪ್ಪಿಗೆ. 750 ಅಶ್ವಶಕ್ತಿ, ಗಂಟೆಗೆ 320 ಕಿ.ಮೀ. ವೇಗ, ಆದರೂ ತುಂಬಿದ ಭಾರದಲ್ಲಿ 285 ಮೀಟರು ಓಡಿ ನೆಲ ಬಿಡುತ್ತದೆ. ಗುಟ್ಟು ರೆಕ್ಕೆಯಲ್ಲಿದೆ. ರೆಕ್ಕೆಯ ಹೊರಭಾಗದ ಮುಂಚು ಒಳಭಾಗದ್ದಕ್ಕಿಂತ ಬೇರೆ ಆಕಾರದ್ದು. ವೇಗ ತೀರಾ ಇಳಿದು ಒಳರೆಕ್ಕೆ ಕೈಕೊಟ್ಟಾಗಲೂ ಹೊರರೆಕ್ಕೆ ಗಾಳಿಯ ಹಿಡಿತ ಬಿಡುವುದಿಲ್ಲ, ಪೈಲಟ್‌ನ ಮಾತು ಕೇಳುತ್ತಲೇ ಇರುತ್ತದೆ.

ಮನೆಯ ಮಟ್ಟಿಗೆ ವೇಗ ಯಾಕೆ ಬೇಕು ಎಂದು ಕೇಳಬಹುದು. ಉತ್ತರ ಗಡಿಯಾರದಲ್ಲಿದೆ. ಕಠ್ಮಂಡುವಿನಿಂದ ಲುಕ್ಲಾಕ್ಕೆ ಆಕಾಶಮಾರ್ಗದಲ್ಲಿ 135 ಕಿ.ಮೀ. ಸುಮಾರು. ಕಬ್‌ಗೆ ಮುಕ್ಕಾಲು ಗಂಟೆ. ಅದೂ ನಡುವಿನ ಬೆಟ್ಟ ದಾಟುವಷ್ಟು ಏರಲು ಏದುಸಿರು ಬಿಡುತ್ತ. ಕೋಡಿಯಾಕ್‌ಗೆ 25 ನಿಮಿಷ. ರಾತ್ರಿ ಊಟಕ್ಕೆ ಮುಂಚೆ ಒಂದೇ ಗಂಟೆ ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರೆ ಮೊದಲನೆಯದರಲ್ಲಿ ಒಮ್ಮೆ ಇಳಿಯಬಹುದು, ಎರಡನೆಯದರಲ್ಲಿ ಹೋಗಿ ವಾಪಸ್ಸೂ ಬರಬಹುದು. ಗಂಟೆಯ ಮಿತಿ ಹಾಕುವ ತಂದೆತಾಯಿ ಈ ಲೆಕ್ಕವನ್ನೂ ನೋಡಿದರೆ ಹುಡುಗನ ಗೊಣಗಾಟ ಅರ್ಧವಾದೀತು.

ನನ್ನ ಆಯ್ಕೆ ಕೇಳಿದರೆ ಕೋಡಿಯಾಕೇ. ಆದರೆ ಮೊದಲ ತಿಂಗಳು ಬೇಡ. ಅದರ ಟರ್ಬೊಪ್ರಾಪ್ ಎಂಜಿನ್ನಿನ ಬಲ ಎಷ್ಟೋ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಬಾಲದಡಿ ಪುಟ್ಟ ಚಕ್ರವಿರುವ ಕಬ್ ಹಾಗಲ್ಲ. ಓಡುವಾಗ ಕಾಲಿನ ರಡ್ಡರ್ ಸ್ವಲ್ಪ ತಪ್ಪಿದರೂ ಗಿರಕಿ ಹೊಡೆದು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಎಕ್ಸ್-ಪ್ಲೇನ್ 12ರಲ್ಲಿ ಸೂಪರ್ ಕಬ್ ಜೊತೆಗೇ ಬರುತ್ತದೆ, ಮೈಕ್ರೋಸಾಫ್ಟ್ 2020ರಲ್ಲಿ ಅದರ ಹೊಸ ಪೀಳಿಗೆಯ ಎಕ್ಸ್-ಕಬ್ ಇದೆ, 2022ರಲ್ಲಿ ಬೀವರನ್ನೂ ಉಚಿತವಾಗಿ ಸೇರಿಸಿದರು. ಕೋಡಿಯಾಕ್ ಎರಡಕ್ಕೂ ಬೇರೆ ಕಂಪನಿಗಳಿಂದ ಹಣ ಕೊಟ್ಟು ತರುವಂಥದ್ದು.

ಹಣ ಕೊಟ್ಟದ್ದು ನಿಜವಾದ ವಿಮಾನದಂತಿದೆಯೋ, ಬರಿ ಬಣ್ಣದ ಬೊಂಬೆಯೋ? ಒಂದು ಪರೀಕ್ಷೆ ಇದೆ. ಸಾಕಷ್ಟು ಎತ್ತರಕ್ಕೆ ಏರಿ, ಪೂರ್ತಿ ಭಾರ ಹಾಕಿ, ಫ್ಲಾಪ್ ಪೂರ್ತಿ ಇಳಿಸಿ, ಎಂಜಿನ್ ತಗ್ಗಿಸಿ, ಎತ್ತರ ಇಳಿಯದಂತೆ ಮೂತಿಯನ್ನು ಮೆಲ್ಲಗೆ ಮೇಲೆತ್ತುತ್ತ ಹೋಗಿ. ಕೋಡಿಯಾಕ್ ಆದರೆ ಸೂಚಕ 60 ನಾಟ್ ಸುಮಾರಿಗೆ ಬಂದಾಗ ಕುಸಿಯಬೇಕು. 35ರಲ್ಲೂ ಗಾಳಿಪಟದಂತೆ ತೂಗುತ್ತಿದ್ದರೆ ಅದು ಬೊಂಬೆ. ಜಾಹೀರಾತಿನ ಅಂಕಿಗಳನ್ನೂ ಹೀಗೇ ನೋಡಿ. ನೆಲದ ಮೇಲಿನ ಓಟ ಬೇರೆ, ಮರ ದಾಟಿ ಇಳಿಯುವ ದೂರ ಬೇರೆ. ಮೊದಲನೆಯದನ್ನು ದಪ್ಪಕ್ಷರದಲ್ಲಿ ಹಾಕುವುದು ವ್ಯಾಪಾರಿಗಳ ರೂಢಿ.

ತಂದೆತಾಯಿಗೆ ಎರಡು ಮಾತು. ಮನೆಯ ಸಿಮ್ಯುಲೇಟರಿನಲ್ಲಿ ಕಳೆದ ಗಂಟೆ ಪೈಲಟ್ ಲೈಸೆನ್ಸಿನ ಹಾರಾಟದ ಲೆಕ್ಕಕ್ಕೆ ಬರುವುದಿಲ್ಲ; ಬರುತ್ತದೆಂದು ಯಾರಾದರೂ ಕೋರ್ಸು ಮಾರಲು ಬಂದರೆ ಬಾಗಿಲು ಮುಚ್ಚಿ. ಇನ್ನು ಖರ್ಚು ಮಾಡುವುದಿದ್ದರೆ ಐದಾರು ವಿಮಾನ ಕೊಳ್ಳುವ ಬದಲು ಒಂದು ಸಾಧಾರಣ ಜಾಯ್‌ಸ್ಟಿಕ್ ತನ್ನಿ, ಹಿಡಿಯನ್ನು ತಿರುಚಿದರೆ ರಡ್ಡರ್ ಕೆಲಸ ಮಾಡುವಂಥದ್ದು. ಕೀಬೋರ್ಡಿನಲ್ಲಿ ಕಬ್ ಇಳಿಸುವುದು ಕೈಗವಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದಂತೆ.

ವೇಗ ಮತ್ತು ಗಿಡ್ಡ ನೆಲ ಎರಡನ್ನೂ ಒಲಿಸಿಕೊಂಡ ಇನ್ನೊಂದು ವಿಮಾನದ ಕಥೆ ಇದೆ. ಮೈಕ್ ಪೇಟಿ ಎಂಬ ಅಮೆರಿಕನ್ನರು ಪೋಲೆಂಡಿನ ಹಳೆಯ ವಿಲ್ಗಾ ವಿಮಾನಕ್ಕೆ ಟರ್ಬೊಪ್ರಾಪ್ ಎಂಜಿನ್ ಕೂರಿಸಿ ಡ್ರ್ಯಾಕೊ ಎಂದು ಹೆಸರಿಟ್ಟರು. 2019ರ ಸೆಪ್ಟೆಂಬರಿನಲ್ಲಿ ರೀನೊ ನಗರದಲ್ಲಿ ಬಿರುಸಿನ ಅಡ್ಡಗಾಳಿಯಿದ್ದಾಗ ಹೊರಟ ಅದು ನೆಲ ಬಿಡುತ್ತಿದ್ದಂತೆ ಮಗುಚಿ ಪುಡಿಯಾಯಿತು. ಒಳಗಿದ್ದವರಿಗೆ ಪೆಟ್ಟಾಗಲಿಲ್ಲ. ಆ ಗಾಳಿಯಲ್ಲಿ ಹೊರಡಬಾರದಿತ್ತು ಎಂದು ಪೇಟಿ ಅವರೇ ಹೇಳಿದರು. ಸಿಮ್ಯುಲೇಟರಿನ ಹವಾಮಾನದ ಪುಟದಲ್ಲಿ ಗಾಳಿಯನ್ನು ಸೊನ್ನೆಗೆ ಇಳಿಸುವ ಸೌಲಭ್ಯವಿದೆ. ಮೊದಲ ವಾರ ಅದನ್ನು ಬಳಸಿ. ಎರಡನೆಯ ವಾರ ಪಕ್ಕದಿಂದ ಐದು ನಾಟ್, ಮೂರನೆಯ ವಾರ ಹತ್ತು ನಾಟ್ ಮಾಡಿ, ಕಬ್ ನೆಟ್ಟಗೆ ಓಡುತ್ತದೆಯೇ ನೋಡಿ. ಲುಕ್ಲಾ ಅದಾದ ಮೇಲೆ.