ದುಡಿಯುವ ಕೈಗೂ ವಿಮೆ: ಕೊಳ್ಳುವ ಮೊದಲು ತಿಳಿಯಿರಿ

ಔರಾದ, ಭಾಲ್ಕಿ, ಬೀದರ ಭಾಗದ ರೈತರು ಸೋಯಾ, ತೊಗರಿ, ಉದ್ದಿನ ಬೆಳೆಗಳಿಗೆ ವಿಮೆ ಮಾಡಿಸುವುದನ್ನು ಬಲ್ಲರು. ಆದರೆ ಬೆಳೆ ವಿಮೆ ಬೆಳೆಗೆ ಮಾತ್ರ. ರಾಶಿ ಯಂತ್ರಕ್ಕೆ ಕೈ ಸಿಕ್ಕರೆ, ಟ್ರ್ಯಾಕ್ಟರ್ ಮಗುಚಿ ಕಾಲು ಹೋದರೆ ಅದರಿಂದ ಬಿಡಿಗಾಸೂ ಬಾರದು. ಇದಕ್ಕೆ ಅಪಘಾತ ವಿಮೆ ಬೇರೆಯೇ ಬೇಕು.

ಕಡಿಮೆ ಕಂತಿನ ಯೋಜನೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾಯಿತು. ವರ್ಷಕ್ಕೆ 12 ರೂ. ಇದ್ದ ಕಂತು 2022ರ ಜೂನ್ 1ರಿಂದ 20 ರೂ. ಆಗಿದೆ. ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯುಳ್ಳ 18ರಿಂದ 70 ವರ್ಷದವರು ಸೇರಬಹುದು. ಅಪಘಾತದಿಂದ ದೊರೆಯುವ ಪರಿಹಾರ ಹೀಗಿದೆ:

1. ಮರಣ: 2 ಲಕ್ಷ ರೂ.
2. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು, ಇಲ್ಲವೇ ಒಂದು ಕಣ್ಣಿನ ಜೊತೆ ಒಂದು ಕೈ ಅಥವಾ ಕಾಲು ಶಾಶ್ವತವಾಗಿ ಹೋದರೆ: 2 ಲಕ್ಷ ರೂ.
3. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ: 1 ಲಕ್ಷ ರೂ.

ಏನು ಸಿಗುವುದಿಲ್ಲ?

ಮೇವು ಕತ್ತರಿಸುವಾಗ ಒಂದು ಬೆರಳು ತುಂಡಾದರೆ ಈ ಯೋಜನೆಯಲ್ಲಿ ಹಣವಿಲ್ಲ. ಲಕ್ವ ಮುಂತಾದ ಕಾಯಿಲೆಯಿಂದ ಬಂದ ಅಂಗವಿಕಲತೆ ಇದಕ್ಕೆ ಸೇರದು. ಆಸ್ಪತ್ರೆಯ ಖರ್ಚಾಗಲಿ, ಹಾಸಿಗೆ ಹಿಡಿದ ದಿನಗಳ ಕೂಲಿಯಾಗಲಿ ದೊರೆಯದು. ಇವು ಬೇಕೆಂದು ದೊಡ್ಡ ಪಾಲಿಸಿ ಕೊಳ್ಳುವವರು ಸಹಿ ಹಾಕುವ ಮುನ್ನ ಏಜೆಂಟರನ್ನು ಹೀಗೆ ಕೇಳಬೇಕು: ಅಂಗವಿಕಲತೆ ಎಂದರೆ ಪಾಲಿಸಿಯಲ್ಲಿ ಏನೆಂದು ಬರೆದಿದೆ? ಬೆರಳಿಗೆ ಎಷ್ಟು? ಕಾಯಿಲೆಗೆ ಅನ್ವಯಿಸುವುದೇ? ದುಡಿಯಲಾಗದ ವಾರಗಳಿಗೆ ಹಣವಿದೆಯೇ, ಎಷ್ಟು ವಾರಗಳವರೆಗೆ? ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ ಪಾಲಿಸಿಯ ಕಾಗದದಲ್ಲಿ ತೋರಿಸಿಕೊಳ್ಳಿರಿ.

ಮರೆಯಬಾರದ ಸಂಗತಿಗಳು

ಸುರಕ್ಷಾ ಬಿಮಾದ ಅವಧಿ ಜೂನ್ 1ರಿಂದ ಮೇ 31. ಕಂತು ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ ಮೇ ತಿಂಗಳಲ್ಲಿ ಖಾತೆಯಲ್ಲಿ ಹಣವಿರಲಿ. ಬಿತ್ತನೆಯ ಓಡಾಟದಲ್ಲಿ ಇದನ್ನು ಮರೆತರೆ ವಿಮೆ ತಪ್ಪುತ್ತದೆ. ಎರಡು ಖಾತೆಗಳಿಂದ ಕಂತು ಕಟ್ಟಿದರೂ ಪರಿಹಾರ ಒಂದೇ.

ಅಪಘಾತವಾದರೆ 30 ದಿನಗಳೊಳಗೆ ಬ್ಯಾಂಕಿಗೆ ಅರ್ಜಿ ಕೊಡಿರಿ. ಪೊಲೀಸ್ ದೂರಿನ ಪ್ರತಿ, ಅಂಗವಿಕಲತೆಯ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತವೆ. ಹಾವು ಕಡಿತ, ಮರದಿಂದ ಬೀಳುವಂತಹ ಪ್ರಸಂಗಗಳಲ್ಲಿ ಕೂಡಲೇ ಸೇರಿಸಿದ ಆಸ್ಪತ್ರೆಯ ದಾಖಲೆಯೇ ಆಧಾರ. ಆದ್ದರಿಂದ ನಾಟಿ ಔಷಧಿಯಲ್ಲಿ ಕಾಲ ಕಳೆಯದೆ ಮೊದಲು ಆಸ್ಪತ್ರೆಗೆ ಹೋಗಿರಿ. ಜೀವಕ್ಕೂ ಅದೇ ಕ್ಷೇಮ.

ಯಾವ ಖಾತೆಯಲ್ಲಿ ವಿಮೆಯಿದೆ ಎಂಬುದನ್ನು ಮನೆಯವರಿಗೆ ಇಂದೇ ತಿಳಿಸಿರಿ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಖಾತೆಯಿಂದಲೂ ಕಂತು ಕಟ್ಟಿಸಿರಿ.